ಸ್ಟೆಲ್ವಿಯೋ ಏರಿಗೆ ಶಿಮಾನೋ 11-34 ಕ್ಯಾಸೆಟ್

ಇಟಲಿಯ ಸ್ಟೆಲ್ವಿಯೋ ಪಾಸ್‌ಗೆ (ಬೆಟ್ಟ ದಾಟುವ ಘಾಟಿ ರಸ್ತೆ) ಪ್ರಾಟೊ ಊರಿನ ಕಡೆಯಿಂದ ಸೈಕಲ್‌ನಲ್ಲಿ ಹತ್ತಿದರೆ 24 ಕಿ.ಮೀ., 48 ಹೇರ್‌ಪಿನ್ ತಿರುವು, ಸುಮಾರು 1,800 ಮೀಟರ್ ಏರು. ಇಂಥಲ್ಲಿ ಶಿಮಾನೋದ 11 ಸ್ಪೀಡಿನ ಎಚ್‌ಜಿ700 ಕ್ಯಾಸೆಟ್ (ಹಿಂಚಕ್ರದ 11 ಹಲ್ಲುಗಾಲಿಗಳ ಗುಚ್ಛ; ಅತಿ ಚಿಕ್ಕದಕ್ಕೆ 11, ಅತಿ ದೊಡ್ಡದಕ್ಕೆ 34 ಹಲ್ಲು) ನಿಜಕ್ಕೂ ಮಂಡಿ ಉಳಿಸುತ್ತದೆ. ಮುಂದಿನ ಚಿಕ್ಕ ಚೈನ್‌ರಿಂಗ್ (ಪೆಡಲ್ ಬಳಿಯ ಹಲ್ಲುಗಾಲಿ) 34 ಹಲ್ಲಿನದಿದ್ದರೆ, ನಿಮಿಷಕ್ಕೆ 60 ಸುತ್ತು ತುಳಿದು ಗಂಟೆಗೆ ಏಳೂವರೆ ಕಿ.ಮೀ. ವೇಗದಲ್ಲಿ ಉಸಿರು ಕಟ್ಟದೆ ಹತ್ತಬಹುದು.

11 ಸ್ಪೀಡಿನ ರೋಡ್ ಹಬ್‌ಗೆ (ಚಕ್ರದ ನಡುಭಾಗ) ಇದನ್ನು ಕೂರಿಸುವಾಗ ಹಿಂಬದಿಗೆ 1.85 ಮಿ.ಮೀ. ಸ್ಪೇಸರ್ (ತೆಳು ಬಳೆ) ಬೇಕೇಬೇಕು, ಇಲ್ಲದಿದ್ದರೆ ಹಿಡಿದಿಡುವ ಲಾಕ್‌ರಿಂಗ್ ಎಷ್ಟು ಬಿಗಿದರೂ ಕ್ಯಾಸೆಟ್ ಅಲ್ಲಾಡುತ್ತದೆ. ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಹಿಂದಿನ ಡಿರೇಲರ್ ಉದ್ದ ಕೇಜಿನದೇ (ಚೈನನ್ನು ಬಿಗಿಯಾಗಿಡುವ ತೋಳು) ಆಗಬೇಕು. ಚೈನನ್ನೂ ಹೊಸದಾಗಿ ಅಳೆದು ಹಾಕಿ. ಗಿಡ್ಡವಾದರೆ ಎರಡೂ ಕಡೆ ದೊಡ್ಡ ಹಲ್ಲಿಗೆ ಹೋದಾಗ ಡಿರೇಲರ್ ಕಿತ್ತುಬರುತ್ತದೆ. ಸಮತಟ್ಟು ರಸ್ತೆಯಲ್ಲಿ ಗೇರುಗಳ ನಡುವಿನ ದೊಡ್ಡ ಅಂತರ ತುಸು ಕಿರಿಕಿರಿ, ಅಷ್ಟೇ.

ಹಿಂದೆ ಕಾರಿನಲ್ಲಿ ಬರುವ ಸಂಗಾತಿ ತಿರುವುಗಳಲ್ಲಿ ನಿಲ್ಲಿಸದಿರಲಿ. ಟ್ರಾಫೊಯಿ ಊರಲ್ಲಿ ನೀರು, ತುದಿಯಲ್ಲಿ ಜಾಕೆಟ್, ಪೂರ್ತಿ ಕೈಗವಸು ಕೊಟ್ಟರೆ ಸಾಕು.