ಒಂದೇ ಆಲ್ಬಮ್, ಮೂರು ರೆಕಾರ್ಡ್: ಗುಲಾಬಿ ಲೇಬಲ್‌ಗೆ ಅಷ್ಟು ದುಡ್ಡು ಕೊಡಬೇಕಾ?

ಇಂಗ್ಲೆಂಡಿನ ಸಂಗೀತ ತಂಡ ಫೇರ್‌ಪೋರ್ಟ್ ಕನ್ವೆನ್ಷನ್‌ನ ‘ಲೀಜ್ ಅಂಡ್ ಲೀಫ್’ ಆಲ್ಬಮ್‌ನ ರೆಕಾರ್ಡ್ ಈಗ ನನ್ನ ಹತ್ತಿರ ಮೂರಿವೆ. ಒಂದು 1969ರದು, ಇಡೀ ಲೇಬಲ್ (ರೆಕಾರ್ಡ್ ನಡುವಿನ ದುಂಡು ಕಾಗದ) ಗುಲಾಬಿ, 110 ಪೌಂಡ್ ಕೊಟ್ಟೆ. ಇನ್ನೊಂದು ಎಪ್ಪತ್ತರ ದಶಕದ ಶುರುವಿನದು, ಅಂಚು ಮಾತ್ರ ಗುಲಾಬಿ, ನಡುವೆ ತಾಳೆ ಮರದ ಚಿತ್ರ, 30 ಪೌಂಡ್. ಮೂರನೆಯದು ಹೊಸದಾಗಿ ಒತ್ತಿದ 180 ಗ್ರಾಂ ರೆಕಾರ್ಡ್, 24 ಪೌಂಡ್. ಕೆಲಸಕ್ಕೆ ಅಂತ ಇಂಗ್ಲೆಂಡಿಗೆ ಬಂದ ಮೇಲೆ ಹತ್ತಿದ ಹುಚ್ಚು ಇದು. ಒಂದು ಭಾನುವಾರ ಪೂರ್ತಿ ಕೂತು ಮೂರನ್ನೂ ಒಂದೇ ಪ್ಲೇಯರ್, ಒಂದೇ ಸೂಜಿಯಲ್ಲಿ ಕೇಳಿದೆ.

ಈ ಆಲ್ಬಮ್ ಮೇಲೆ ನನಗೆ ತುಂಬಾ ಪ್ರೀತಿ. 1969ರ ಮೇ ತಿಂಗಳಲ್ಲಿ ಎಂ1 ಹೆದ್ದಾರಿಯಲ್ಲಿ ಇವರ ವ್ಯಾನ್ ಅಪಘಾತವಾಗಿ ಡ್ರಮ್ಮರ್ ಮಾರ್ಟಿನ್ ಲ್ಯಾಂಬಲ್ ತೀರಿಕೊಂಡರು. ಉಳಿದವರು ಹ್ಯಾಂಪ್‌ಷೈರ್‌ನ ಒಂದು ಹಳ್ಳಿ ಮನೆಯಲ್ಲಿ ಒಟ್ಟಿಗೆ ಇದ್ದು, ನೂರಾರು ವರ್ಷ ಹಳೆಯ ಲಾವಣಿಗಳನ್ನು ಎಲೆಕ್ಟ್ರಿಕ್ ಗಿಟಾರ್, ಡ್ರಮ್ಸ್ ಜೊತೆ ಹಾಡೋದಕ್ಕೆ ಶುರು ಮಾಡಿದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಈ ರೆಕಾರ್ಡ್ ಬಂತು. ಸ್ಯಾಂಡಿ ಡೆನಿ ದನಿ, ಡೇವ್ ಸ್ವಾರ್ಬ್ರಿಕ್ ಪಿಟೀಲು, ಇವೆರಡು ಸರಿಯಾಗಿ ಕೇಳಿದರೆ ರೆಕಾರ್ಡ್ ಚೆನ್ನಾಗಿದೆ ಅಂತ ಲೆಕ್ಕ.

ಮೊದಲು ಗುಲಾಬಿ ಲೇಬಲ್. ಮಾರಿದವರು ‘ಎಕ್ಸಲೆಂಟ್’ ಅಂತ ಬರೆದಿದ್ದರು. ನೋಡಕ್ಕೆ ನಿಜಕ್ಕೂ ಹೊಳೆಯುತ್ತಿತ್ತು, ಒಂದು ಗೀರೂ ಇಲ್ಲ. ಎಂಟು ನಿಮಿಷದ ‘ಮ್ಯಾಟಿ ಗ್ರೋವ್ಸ್’ ಅದ್ಭುತವಾಗಿ ಕೇಳಿತು, ಡ್ರಮ್ಸ್ ಎದೆಗೆ ಬಡಿಯುವ ಹಾಗೆ. ಆದರೆ ಆ ಬದಿಯ ಕೊನೆಯ ಹಾಡು ‘ಫೇರ್‌ವೆಲ್, ಫೇರ್‌ವೆಲ್’ ಬಂದಾಗ ಸ್ಯಾಂಡಿಯ ಒಂದೊಂದು ‘ಸ’ಕಾರವೂ ಹರಿದ ಕಾಗದದ ಥರ ಕೇಳಿತು. ಇದು ಕಣ್ಣಿಗೆ ಕಾಣದ ಸವೆತ. ಆ ಕಾಲದ ಎಷ್ಟೋ ಅಗ್ಗದ ಪ್ಲೇಯರ್‌ಗಳ ಸೂಜಿ ಈಗಿನದಕ್ಕಿಂತ ಎರಡು ಮೂರು ಪಟ್ಟು ಭಾರ ಹಾಕುತ್ತಿತ್ತು. ಮಧ್ಯಕ್ಕೆ ಹೋದಷ್ಟೂ ಸುತ್ತು ಚಿಕ್ಕದಾಗುತ್ತದೆ, ಅಷ್ಟೇ ಸದ್ದನ್ನು ಕಮ್ಮಿ ಜಾಗದಲ್ಲಿ ತುಂಬಬೇಕು, ಹಾಗಾಗಿ ಸವೆತ ಅಲ್ಲೇ ಮೊದಲು ಗೊತ್ತಾಗುತ್ತದೆ. ಅಂಗಡಿಯಲ್ಲಿ ಹಾಕಿ ಕೇಳಿಸಿದರೆ ಮೊದಲ ಹಾಡು ಬೇಡ, ಕೊನೆಯ ಹಾಡೇ ಹಾಕಿಸಿ.

ಈಗ ತಾಳೆ ಮರದ್ದು. ಈ ರೆಕಾರ್ಡ್ ತಂದ ಐಲೆಂಡ್ ಕಂಪನಿ ಪೂರ್ತಿ ಗುಲಾಬಿ ಲೇಬಲ್ ಬಿಟ್ಟು ಈ ಲೇಬಲ್‌ಗೆ ಬಂದದ್ದು 1970ರಲ್ಲಿ. ಸಂಗ್ರಹಕಾರರು ಇದನ್ನು ಎರಡನೇ ಸಾಲಿಗೆ ತಳ್ಳುತ್ತಾರೆ, ಬೆಲೆಯೂ ಅದಕ್ಕೇ ಕಮ್ಮಿ. ಆದರೆ ಹಾಡು ಮುಗಿದ ಮೇಲಿನ ಖಾಲಿ ಜಾಗವನ್ನು ಟಾರ್ಚ್ ಹಿಡಿದು ನೋಡಿದೆ. ಅಲ್ಲಿ ಐಎಲ್‌ಪಿಎಸ್ 9115 ಅನ್ನೋ ನಂಬರ್, ಅದರ ಮುಂದೆ, ಅಚ್ಚು ಮಾಡೋ ಮೂಲ ತಟ್ಟೆಯನ್ನು ಎಷ್ಟನೇ ಸಲ ಕೊರೆದದ್ದು ಅನ್ನೋ ಅಂಕಿ ಇರುತ್ತದೆ. ನನ್ನ ಎರಡು ಹಳೆಯ ರೆಕಾರ್ಡ್‌ಗಳಲ್ಲೂ ಎರಡೂ ಬದಿಯ ಅಂಕಿ ಒಂದೇ! ಅಂದರೆ ಎರಡೂ ಒಂದೇ ಮೂಲ ಕೊರೆತದಿಂದ ಬಂದವು, ಬದಲಾದದ್ದು ಲೇಬಲ್ ಕಾಗದ. ಮೊದಮೊದಲು ಒತ್ತಿದ್ದಕ್ಕೆ ಅಚ್ಚು ಹೊಸದಾಗಿರಬಹುದು, ಆ ವ್ಯತ್ಯಾಸ ಇದೆ ಅಂತಲೇ ಇಟ್ಟುಕೊಳ್ಳಿ. ಆದರೆ ಇದು ಅಷ್ಟಾಗಿ ಓಡದ ರೆಕಾರ್ಡ್, ಸ್ಯಾಂಡಿ ದನಿ ಕೊನೆಯವರೆಗೂ ತಿಳಿಯಾಗಿತ್ತು. ‘ಟ್ಯಾಮ್ ಲಿನ್’ನಲ್ಲಿ ಪಿಟೀಲು ಗಿಟಾರ್ ಒಂದರ ಹಿಂದೊಂದು ಏರುವ ಕಡೆ ನಾನು ಕಣ್ಣು ಮುಚ್ಚಿ ಕೂತುಬಿಟ್ಟೆ.

ಹೊಸದರ ಬಗ್ಗೆ ಹೇಳೋದು ಜಾಸ್ತಿ ಇಲ್ಲ. ಚಟಪಟ ಇಲ್ಲ, ಭಾರವಾಗಿದೆ, ಸುಮ್ನೆ ಹಾಕಿ ಅಡಿಗೆ ಮಾಡುತ್ತಾ ಕೇಳಬಹುದು. ಡ್ರಮ್ಸ್ ಮಾತ್ರ ಸ್ವಲ್ಪ ದೂರ ಹೋದ ಹಾಗೆ ಅನಿಸಿತು. 180 ಗ್ರಾಂ ಅನ್ನೋದು ತೂಕ ಅಷ್ಟೇ, ಸದ್ದು ಚೆನ್ನಾಗಿರುತ್ತದೆ ಅಂತ ಅಲ್ಲ.

ಕೇಳೋದಕ್ಕೆ ಒಂದೇ ಕೊಳ್ಳುವುದಾದರೆ ತಾಳೆ ಮರದ್ದೇ ಕೊಳ್ಳಿ, ಅಂಕಿ ನೋಡಿಕೊಂಡು. ಗುಲಾಬಿಯದನ್ನು ನಾನು ಮಾರುವುದಿಲ್ಲ, ಆ ಮಡಚುವ ಕವರ್ ತೆರೆದು ಒಳಗಿನ ಹಳೆಯ ಜಾನಪದ ಆಚರಣೆಗಳ ಟಿಪ್ಪಣಿ ಓದುವ ಖುಷಿಯೇ ಬೇರೆ. ಒಳ್ಳೆಯ ರೆಕಾರ್ಡನ್ನು ಆ ಕವರ್‌ಗೆ ಹಾಕಿಡೋಣ ಅಂತ ಒಮ್ಮೆ ಅನಿಸಿತ್ತು, ಹಾಕಲಿಲ್ಲ. ಹಾಗೆ ಅದಲು ಬದಲಾದವು ಪೇಟೆಯಲ್ಲಿ ಈಗಾಗಲೇ ಇವೆ, ಕೊಳ್ಳುವಾಗ ಕವರ್ ಒಳಗಿನ ರೆಕಾರ್ಡ್‌ನ ಲೇಬಲ್ ಫೋಟೋ ಕೇಳಿ ತರಿಸಿಕೊಳ್ಳಿ.