ಹೊಸ ಕೆಲಸಕ್ಕೆ ಸೇರುವ ಮೊದಲು ನಿಮ್ಮ ವಿಮೆಯ ಪಾಲಿಸಿ ತೆಗೆದು ಓದಿ

ಕೆಲಸ ಹೋದರೆ ಸಂಬಳದ ಒಂದು ಪಾಲನ್ನು ಕೆಲವು ತಿಂಗಳು ಕೊಡುವ ವಿಮೆ ನಿಮ್ಮ ಹತ್ತಿರ ಇದೆಯಾ? ಕೆಲಸ ಬದಲಾಯಿಸುವ ಯೋಚನೆಯೂ ಇದೆಯಾ? ಹಾಗಾದರೆ ಪಾಲಿಸಿಯಲ್ಲಿ ಪ್ರೊಬೇಷನ್ (ಕೆಲಸ ಕಾಯಂ ಆಗುವ ಮೊದಲಿನ ಪರೀಕ್ಷೆಯ ಅವಧಿ) ಬಗ್ಗೆ ಏನು ಬರೆದಿದೆ ಅಂತ ಈಗಲೇ ಹುಡುಕಿ. ಅದು ಮೊದಲ ಪುಟದಲ್ಲಿ ಸಿಗುವುದು ಕಷ್ಟ. ಯಾವುದಕ್ಕೆಲ್ಲ ಹಣ ಕೊಡುವುದಿಲ್ಲ ಅನ್ನುವ ಪಟ್ಟಿಯಲ್ಲಿ ನೋಡಿ.

ನಾನು ಪಾಲಿಸಿ ತೆಗೆದುಕೊಂಡಿದ್ದು ಹಳೆಯ ಕೆಲಸದಲ್ಲಿದ್ದಾಗ. ಒಂದು ಕಂತೂ ತಪ್ಪಿಸಿರಲಿಲ್ಲ. ಹೊಸ ಕಂಪನಿಗೆ ಸೇರುವಾಗ ವಿಮೆಯವರಿಗೆ ಫೋನ್ ಮಾಡಿ ತಿಳಿಸಿದೆ. "ಏನೂ ತೊಂದರೆ ಇಲ್ಲ, ಪಾಲಿಸಿ ಮುಂದುವರಿಯುತ್ತೆ" ಅಂದರು. ಮುಂದುವರಿದಿದ್ದೇನೋ ನಿಜ, ಕಂತು ಕಟ್ಟಿಸಿಕೊಳ್ಳುವ ಮಟ್ಟಿಗೆ.

ಪ್ರೊಬೇಷನ್ ಮುಗಿಯುವ ಮೊದಲೇ ನಮ್ಮ ಪ್ರಾಜೆಕ್ಟ್ ನಿಂತುಹೋಯಿತು. ತಂಡದ ಹಲವರ ಜೊತೆ ನನ್ನ ಕೆಲಸವೂ ಹೋಯಿತು. ಕ್ಲೇಮ್ ಹಾಕಿದೆ. ನೇಮಕಾತಿ ಪತ್ರ, ಪೇ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಕೆಲಸದಿಂದ ತೆಗೆದ ಪತ್ರ, ಎಲ್ಲ ಕೇಳಿದರು, ಕೊಟ್ಟೆ. ಆಮೇಲೆ ಕೆಲಸ ಕಾಯಂ ಆದ ಪತ್ರ ಕೊಡಿ ಅಂದರು. ಪ್ರೊಬೇಷನ್‌ನಲ್ಲಿ ಇದ್ದವರ ಹತ್ತಿರ ಅದು ಎಲ್ಲಿಂದ ಬರಬೇಕು?

ಕಾಯಿಸಿ ಕಾಯಿಸಿ ಕೊನೆಗೆ ತಿರಸ್ಕರಿಸಿದರು. ನಾನು ಕಾಯಂ ಅಲ್ಲ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಕಂಪನಿ ಕೊಟ್ಟ ಪತ್ರದಲ್ಲೇ ಇತ್ತು. "ಪ್ರೊಬೇಷನ್ ಅವಧಿಯಲ್ಲಿ ಸೇವೆ ಕೊನೆಗೊಳಿಸಲಾಗಿದೆ" ಅಂತ ಅದರಲ್ಲಿ ಬರೆದಿದ್ದರು. ಹುದ್ದೆಯೇ ರದ್ದಾಯಿತು ಅಂತ ಎಲ್ಲೂ ಇರಲಿಲ್ಲ. ವಿಮೆಯವರ ಲೆಕ್ಕದಲ್ಲಿ ಇವೆರಡೂ ಬೇರೆ ಬೇರೆ. ಹುದ್ದೆ ರದ್ದಾದರೆ ಹಣ ಸಿಗಬಹುದು. ಕೆಲಸ ಸರಿಯಿಲ್ಲ ಅಂತ ತೆಗೆದರೆ, ಒಪ್ಪಂದದ ಅವಧಿ ಮುಗಿದರೆ, ನೀವೇ ಬಿಟ್ಟರೆ ಸಾಮಾನ್ಯವಾಗಿ ಸಿಗುವುದಿಲ್ಲ. ಆದ್ದರಿಂದ ಕೈಗೆ ಪತ್ರ ಬರುವ ದಿನವೇ ನಿಜವಾದ ಕಾರಣ ಬರೆಸಿಕೊಳ್ಳಿ. ಆಮೇಲೆ ಎಚ್‌ಆರ್‌ನವರು ಫೋನ್ ಎತ್ತುವುದೇ ಕಷ್ಟ.

"ನೀವೇ ರಾಜೀನಾಮೆ ಕೊಟ್ಟುಬಿಡಿ, ಮುಂದಿನ ಕೆಲಸಕ್ಕೆ ಒಳ್ಳೆಯದು" ಅಂತ ಅವರು ತುಂಬಾ ಪ್ರೀತಿಯಿಂದಲೇ ಹೇಳುತ್ತಾರೆ. ನಮ್ಮ ತಂಡದ ಒಬ್ಬರು ಸಹಿ ಹಾಕಿದರು. ಅವರ ಕ್ಲೇಮ್ ಅನ್ನು ವಿಮೆಯವರು ತೆರೆದೂ ನೋಡಲಿಲ್ಲ.

ನನಗೆ ಜಾಸ್ತಿ ಸಿಟ್ಟು ಬಂದಿದ್ದು ಬೇರೆ ವಿಷಯಕ್ಕೆ. ಪ್ರೊಬೇಷನ್‌ನಲ್ಲಿ ಕೆಲಸ ಹೋದರೆ ಕೊಡುವುದಿಲ್ಲ ಅಂತ ಗೊತ್ತಿದ್ದೂ ಅಷ್ಟೂ ತಿಂಗಳ ಕಂತು ತೆಗೆದುಕೊಂಡರಲ್ಲ! ಕೇಳಿದರೆ, ಕಾಯಿಲೆ ಮತ್ತು ಅಪಘಾತಕ್ಕೆ ರಕ್ಷಣೆ ಇತ್ತು ಅಂದರು. ಅದು ಸುಳ್ಳಲ್ಲ. ಹಾಗಂತ ಫೋನಿನಲ್ಲಿ ಯಾಕೆ ಹೇಳಲಿಲ್ಲ?

ಎಲ್ಲ ಪಾಲಿಸಿಗಳೂ ಒಂದೇ ಥರ ಇರುವುದಿಲ್ಲ. ಕೆಲವು ಕಾಯಿಲೆ, ಗಾಯಕ್ಕೆ ಮಾತ್ರ ಕೊಡುತ್ತವೆ, ಕೆಲಸ ಹೋಗುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಇನ್ನು ಕೆಲವು ಹೊಸ ಕಂಪನಿಯಲ್ಲಿ ಇಷ್ಟು ತಿಂಗಳು ಆಗಿರಬೇಕು ಅನ್ನುತ್ತವೆ. ಫೋನಿನಲ್ಲಿ ಸುಮ್ನೆ ಕೇಳಿ ಬಿಡಬೇಡಿ. "ಪ್ರೊಬೇಷನ್‌ನಲ್ಲಿ ನನ್ನ ಹುದ್ದೆ ರದ್ದಾದರೆ ಹಣ ಕೊಡುತ್ತೀರಾ?" ಅಂತ ಇಮೇಲ್ ಮಾಡಿ, ಉತ್ತರವನ್ನೂ ಇಮೇಲ್‌ನಲ್ಲೇ ತರಿಸಿಕೊಳ್ಳಿ. ಕಂಪನಿಯಲ್ಲಿ ಕೆಲಸ ತೆಗೆಯುವ ಸುದ್ದಿ ಹಬ್ಬಿದ ಮೇಲೆ ಹೊಸ ಪಾಲಿಸಿ ಮಾಡಿಸಿದರೂ ಉಪಯೋಗ ಇಲ್ಲ, ಮೊದಲೇ ಗೊತ್ತಿತ್ತು ಅಂತ ತಳ್ಳಿಹಾಕುತ್ತಾರೆ.

ಈಗಾಗಲೇ ತಿರಸ್ಕಾರ ಆಗಿದ್ದರೆ, ಯಾವ ನಿಯಮದ ಪ್ರಕಾರ ಅಂತ ಬರಹದಲ್ಲಿ ಕೇಳಿ. ಮೊದಲು ವಿಮಾ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಅಲ್ಲಿ ಆಗದಿದ್ದರೆ ವಿಮೆಯ ದೂರುಗಳನ್ನು ವಿಚಾರಿಸುವ ಸ್ವತಂತ್ರ ಅಧಿಕಾರಿಯಾದ ಒಂಬುಡ್ಸ್‌ಮನ್‌ಗೆ ಹೋಗಬಹುದು, ಆದರೆ ಅದಕ್ಕೆ ಗಡುವು ಇರುತ್ತೆ. ನಾನು ಆ ಫೋನ್ ಕರೆಯ ರೆಕಾರ್ಡಿಂಗ್ ಕೊಡಿ ಅಂತ ಕೇಳಿದ್ದೇನೆ. ಇನ್ನೂ ಕೊಟ್ಟಿಲ್ಲ.