ಹಳೆಯ ಸಿಗ್ನಲ್ ದೀಪದೊಳಗೆ ಯಾವ ಬಲ್ಬು?

ಹಳೆಯ ಸಂಚಾರ ಸಿಗ್ನಲ್ ದೀಪವನ್ನು ಮನೆಗೆ ತಂದು ದುರಸ್ತಿ ಮಾಡುವವರು ಹೊರಗಿನ ಬಣ್ಣದ ಬಗ್ಗೆ ತಲೆಕೆಡಿಸಿಕೊಳ್ಳುವಷ್ಟು ಒಳಗಿನ ಬಲ್ಬಿನ ಬಗ್ಗೆ ಯೋಚಿಸುವುದಿಲ್ಲ. ಆದರೆ ದೀಪ ಹಚ್ಚಿದಾಗ ಅದು ತನ್ನ ಕಾಲದ ದೀಪವಾಗಿ ಕಾಣುತ್ತದೆಯೋ ಇಲ್ಲವೋ ಎಂಬುದು ಬಹುಮಟ್ಟಿಗೆ ಬಲ್ಬಿನ ಮೇಲೆಯೇ ನಿಂತಿದೆ. ಎರಕದ ಅಲ್ಯುಮಿನಿಯಂ ಕವಚ ಮತ್ತು 200 ಮಿಲಿಮೀಟರ್ ಗಾಜಿನ ಲೆನ್ಸುಗಳಿರುವ ಒಂದೇ ಮಾದರಿಯ ಎರಡು ಸಿಗ್ನಲ್‌ಗಳನ್ನು ಗುಜರಿಯಿಂದ ತಂದು, ಒಂದನ್ನು ಕಾರವಾರದ ನಮ್ಮ ಮನೆಯ ಜಗಲಿಯಲ್ಲೂ ಇನ್ನೊಂದನ್ನು ಶಿರಸಿಯ ಅಕ್ಕನ ಮನೆಯಲ್ಲೂ ತೂಗುಹಾಕಿ, ಹಳೆಯ ಬುರುಡೆ ಬಲ್ಬು, ಸಾಮಾನ್ಯ ಎಲ್‌ಇಡಿ ಬಲ್ಬು, ಫಿಲಮೆಂಟ್ ಮಾದರಿಯ ಎಲ್‌ಇಡಿ ಮತ್ತು ಈಗಿನ ರಸ್ತೆಗಳಲ್ಲಿರುವ ಪೂರ್ಣ ಎಲ್‌ಇಡಿ ಫಲಕ ಇವೆಲ್ಲವನ್ನೂ ಹಾಕಿ ನೋಡಿದ್ದೇನೆ.

ಮೊದಲು ಬಣ್ಣದ ಮಾತು. ಹಸಿರು ಗಾಜಿನ ಲೆನ್ಸನ್ನು ಬಿಚ್ಚಿ ಹಗಲು ಬೆಳಕಿಗೆ ಹಿಡಿದು ನೋಡಿದರೆ ಅದು ಎಲೆಯ ಹಸಿರಾಗಿರುವುದಿಲ್ಲ, ಸ್ಪಷ್ಟವಾಗಿ ನೀಲಿಯ ಕಡೆಗೆ ವಾಲಿರುತ್ತದೆ. ಇದು ಬಣ್ಣ ಕೆಟ್ಟ ಲಕ್ಷಣವೆಂದು ತಿಳಿದು ಲೆನ್ಸು ಬದಲಿಸಲು ಹೊರಡುವವರಿದ್ದಾರೆ, ಹಾಗೆ ಮಾಡಬಾರದು. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ 1914ರ ಆಗಸ್ಟ್‌ನಲ್ಲಿ ವಿದ್ಯುತ್ ಸಿಗ್ನಲ್ ಹಚ್ಚಿದ ಕಾಲದಿಂದ ಎಲ್‌ಇಡಿ ಬರುವವರೆಗೂ ಒಳಗೆ ಉರಿಯುತ್ತಿದ್ದದ್ದು ಕಾದ ತಂತಿಯ ಹಳದಿ ಬೆಳಕು. ಆ ಹಳದಿಯೊಂದಿಗೆ ಸೇರಿ ಸರಿಯಾದ ಹಸಿರು ಬರಲೆಂದೇ ಗಾಜಿನಲ್ಲಿ ನೀಲಿಯ ಅಂಶವನ್ನು ಉಳಿಸಲಾಗಿತ್ತು. ಸೀಮೆಎಣ್ಣೆಯಿಂದ ಉರಿಯುತ್ತಿದ್ದ ಹಳೆಯ ರೈಲ್ವೆ ದೀಪಗಳಲ್ಲಿ ಈ ನೀಲಿ ಇನ್ನೂ ಹೆಚ್ಚು, ಏಕೆಂದರೆ ಎಣ್ಣೆಯ ಜ್ವಾಲೆ ಇನ್ನೂ ಹಳದಿ.

ಹೀಗಾಗಿ ಅಂಗಡಿಯಲ್ಲಿ ಸುಲಭವಾಗಿ ಸಿಗುವ 6500 ಕೆಲ್ವಿನ್ನಿನ (ಬೆಳಕಿನ ಬಣ್ಣದ ಅಳತೆ; ಕಡಿಮೆಯಿದ್ದರೆ ಹಳದಿ, ಹೆಚ್ಚಿದ್ದರೆ ನೀಲಿ ಛಾಯೆ) ಬಿಳಿ ಎಲ್‌ಇಡಿ ಹಾಕಿದಾಗ ಮೂರೂ ಲೆನ್ಸುಗಳು ತಪ್ಪು ಬಣ್ಣ ತೋರಿಸುತ್ತವೆ. ಹಸಿರು ನೀಲಿಯಾಗುತ್ತದೆ, ಹಳದಿ ನಿಂಬೆಹಣ್ಣಿನ ಬಣ್ಣಕ್ಕೆ ಇಳಿಯುತ್ತದೆ, ಆ ಬಿಳಿಯಲ್ಲಿ ಕೆಂಪಿನ ಪಾಲು ಕಡಿಮೆಯಿರುವುದರಿಂದ ಕೆಂಪು ದೀಪ ಮಂಕಾಗುತ್ತದೆ. ಬುರುಡೆ ಬಲ್ಬಿನ ಬೆಳಕಿಗೆ ಹತ್ತಿರವಾದ 2700 ಕೆಲ್ವಿನ್ನಿನ ಎಲ್‌ಇಡಿಯಲ್ಲಿ ಈ ದೋಷ ಬಹಳ ಮಟ್ಟಿಗೆ ಹೋಗುತ್ತದೆ. ಕೆಂಪಿನ ಆಳದಲ್ಲಿ ಮಾತ್ರ ಬುರುಡೆ ಬಲ್ಬನ್ನು ಯಾವುದೂ ಮುಟ್ಟಲಿಲ್ಲ.

ಬಣ್ಣ ಸರಿಹೋದರೂ ಬೆಳಕು ಹರಡುವ ಬಗೆ ಬೇರೆಯೇ ವಿಷಯ. ಲೆನ್ಸಿನ ಹಿಂದಿರುವ ಬಟ್ಟಲಿನಂಥ ರಿಫ್ಲೆಕ್ಟರಿಗೆ ಒಂದು ನಾಭಿಯಿದ್ದು, ಬೆಳಕಿನ ಮೂಲ ಅಲ್ಲಿದ್ದಾಗ ಮಾತ್ರ ಕಿರಣಗಳು ಸಮಾನಾಂತರವಾಗಿ ಮುಂದೆ ಬರುತ್ತವೆ. ಲೆನ್ಸಿನ ಒಳಮೈಯಲ್ಲಿರುವ ಸಣ್ಣ ಸಣ್ಣ ಪಟ್ಟಕಗಳು ಆ ಕಿರಣಗಳನ್ನು ಅಕ್ಕಪಕ್ಕಕ್ಕೂ ಕೆಳಕ್ಕೂ, ಅಂದರೆ ರಸ್ತೆಯ ಕಡೆಗೆ, ತಿರುಗಿಸುತ್ತವೆ. ಸಾಮಾನ್ಯ ಎಲ್‌ಇಡಿ ಬಲ್ಬಿನ ಅರ್ಧ ಭಾಗ ಪ್ಲಾಸ್ಟಿಕ್ ಬುಡವಾದ್ದರಿಂದ ಬೆಳಕೆಲ್ಲ ನೇರ ಮುಂದಕ್ಕೆ ಹೋಗುತ್ತದೆ, ರಿಫ್ಲೆಕ್ಟರಿಗೆ ಕೆಲಸವೇ ಇರುವುದಿಲ್ಲ. ಪರಿಣಾಮವಾಗಿ ಲೆನ್ಸಿನ ನಡುವೆ ಒಂದು ಹೊಳೆಯುವ ಮಚ್ಚೆ, ಸುತ್ತಲೂ ಕತ್ತಲೆಯ ಬಳೆ. ಫಿಲಮೆಂಟ್ ಮಾದರಿಯ ಎಲ್‌ಇಡಿಯಲ್ಲಿ ಪಾರದರ್ಶಕ ಬುರುಡೆಯೊಳಗಿನ ಕಡ್ಡಿಗಳು ಎಲ್ಲ ದಿಕ್ಕಿಗೂ ಬೆಳಕು ಚೆಲ್ಲುವುದರಿಂದ ಅಂಚಿನವರೆಗೂ ದೀಪ ತುಂಬಿಕೊಳ್ಳುತ್ತದೆ. ಹೋಲ್ಡರನ್ನು ಸ್ವಲ್ಪ ಹಿಂದೆ ಮುಂದೆ ಸರಿಸಿ ನಾಭಿಯನ್ನು ಹುಡುಕಬೇಕು. ಬಲ್ಬು ಸರಿಯಾದ ಜಾಗಕ್ಕೆ ಬಂದೊಡನೆ ಲೆನ್ಸಿನ ಗೆರೆಗಳೆಲ್ಲ ಒಟ್ಟಿಗೆ ಎದ್ದು ಬರುತ್ತವೆ. ಲೆನ್ಸು ಬೆಳಕನ್ನು ಕೆಳಗೆ ಬಾಗಿಸುವುದರಿಂದ ದೀಪವನ್ನು ಕಣ್ಣಿನ ಮಟ್ಟಕ್ಕಿಂತ ಮೇಲೆ ತೂಗುಹಾಕಿದರೆ ಚೆನ್ನಾಗಿ ಕಾಣುತ್ತದೆ.

ಪೂರ್ಣ ಎಲ್‌ಇಡಿ ಫಲಕದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹತ್ತು ವ್ಯಾಟ್ ಆಸುಪಾಸಿನಲ್ಲಿ ಹಗಲಲ್ಲೂ ಕಣ್ಣು ಕುಕ್ಕುವಷ್ಟು ಬೆಳಗುವ ಅದು ರಸ್ತೆಗೆ ಅತ್ಯುತ್ತಮ ವಸ್ತು. ಆದರೆ ಅದನ್ನು ಕೂರಿಸಲು ಗಾಜಿನ ಲೆನ್ಸು ಮತ್ತು ರಿಫ್ಲೆಕ್ಟರ್ ಎರಡನ್ನೂ ತೆಗೆಯಬೇಕು, ತೆಗೆದ ಮೇಲೆ ಉಳಿಯುವುದು ಹಳೆಯ ಪೆಟ್ಟಿಗೆ ಮಾತ್ರ. ನಾನು ಅದನ್ನು ದುರಸ್ತಿ ಎಂದು ಕರೆಯಲಾರೆ.

ಹಾಗಾದರೆ ಫಿಲಮೆಂಟ್ ಎಲ್‌ಇಡಿಯೇ ಎಲ್ಲ ಕಡೆಗೂ ಸರಿಯೇ ಎಂದರೆ, ನಮ್ಮ ಜಿಲ್ಲೆಯ ಮಳೆಗಾಲ ಬೇರೆ ಉತ್ತರ ಕೊಡುತ್ತದೆ. ಬುರುಡೆ ಬಲ್ಬು ತಾನು ಎಳೆದುಕೊಳ್ಳುವ ವಿದ್ಯುತ್ತಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲನ್ನು ಶಾಖವಾಗಿ ಬಿಡುತ್ತದೆ. ಇದು ದುಂದು ಹೌದು, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ಶಾಖ ಕವಚದ ಒಳಗನ್ನು ಒಣಗಿಸುತ್ತದೆ. ಕಾರವಾರದಲ್ಲಿ ಗಾಳಿಯೊಂದಿಗೆ ಉಪ್ಪಿನಂಶವೂ ಒಳಗೆ ಸೇರುತ್ತದೆ, ಉಪ್ಪು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಿಗ್ನಲ್ಲಿನ ಮೂರು ಬಣ್ಣದ ಖಾನೆಗಳಲ್ಲಿ ಎಲ್‌ಇಡಿ ಹಾಕಿದ ಖಾನೆಯ ಬಾಗಿಲನ್ನು ಬೆಳಿಗ್ಗೆ ತೆರೆದರೆ ಲೆನ್ಸಿನ ಒಳಮೈಯಲ್ಲಿ ಹನಿಗಳು, ಅಲ್ಯುಮಿನಿಯಂ ರಿಫ್ಲೆಕ್ಟರಿನ ಅಂಚಿನಲ್ಲಿ ಬಿಳಿ ಪುಡಿ. ಪಕ್ಕದಲ್ಲೇ 25 ವ್ಯಾಟಿನ ಬುರುಡೆ ಬಲ್ಬು ಸಂಜೆಯೆಲ್ಲ ಉರಿದ ಖಾನೆ ಒಣಗಿರುತ್ತದೆ. ಶಿರಸಿಯಲ್ಲಿ ಮಳೆಗೆ ಕೊರತೆಯಿಲ್ಲ, ಉಪ್ಪಿಲ್ಲ. ಅಲ್ಲಿ ರಬ್ಬರ್ ಬೀಡಿಂಗಿಗೆ ಬೂಷ್ಟು ಹಿಡಿಯುತ್ತದೆ, ಅದನ್ನು ಒರೆಸಿದರೆ ಹೋಗುತ್ತದೆ, ರಿಫ್ಲೆಕ್ಟರ್ ಮಾತ್ರ ಹೊಳಪು ಕಳೆದುಕೊಂಡಿಲ್ಲ. ಆದ್ದರಿಂದ ಅಕ್ಕನ ಮನೆಯಲ್ಲಿ ಫಿಲಮೆಂಟ್ ಎಲ್‌ಇಡಿ ಉಳಿಸಿದ್ದೇನೆ. ನಮ್ಮ ಜಗಲಿಯಲ್ಲಿ ಮಳೆಗಾಲಕ್ಕೆ ಬುರುಡೆ ಬಲ್ಬು, ಉಳಿದ ಕಾಲಕ್ಕೆ ಎಲ್‌ಇಡಿ. ಹಳೆಯ ಬಲ್ಬುಗಳು ಸಿಗುವುದು ಕಷ್ಟವಾಗುತ್ತಿರುವುದರಿಂದ ಸಿಕ್ಕಾಗ ಕೊಂಡಿಡುವುದು ಒಳ್ಳೆಯದು. ಲೆನ್ಸು ಪಾಲಿಕಾರ್ಬೊನೇಟ್ ಆಗಿದ್ದರೆ ಹೆಚ್ಚು ವ್ಯಾಟಿನ ಬಲ್ಬಿನ ಆಸೆ ಬೇಡ; ಬಿಸಿಲಿಗೆ ಆಗಲೇ ಹಳದಿಗಟ್ಟಿ ಬಿರುಸಾದ ಪ್ಲಾಸ್ಟಿಕ್ಕಿಗೆ ಶಾಖವೂ ಸೇರಬಾರದು.

ಕವಚದ ಬಣ್ಣದಲ್ಲೂ ಕರಾವಳಿಯ ಲೆಕ್ಕ ಬೇರೆ. ಪೌಡರ್ ಕೋಟಿಂಗ್ ನೋಡಲು ನಯವಾಗಿರುತ್ತದೆ, ಆದರೆ ಒಂದು ಕಡೆ ಚೂರು ಎದ್ದರೂ ಉಪ್ಪು ಅದರಡಿ ಹುಳು ಕೊರೆದಂತೆ ಹಬ್ಬುತ್ತದೆ. ಬೈತಖೋಲದ ಬಂದರಿನಲ್ಲಿ ಕಬ್ಬಿಣದ ದೋಣಿಗಳಿಗೆ ಬಳಿಯುವಂಥ, ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರಿನ ಮೇಲೆ ಕೈಯಿಂದ ಬಳಿದ ಬಣ್ಣವನ್ನು, ಎದ್ದ ಕಡೆ ಉಜ್ಜಿ ಮತ್ತೆ ಹಚ್ಚಬಹುದು. ನನ್ನ ಆಯ್ಕೆ ಅದೇ. ಹಳೆಯ ಬಣ್ಣ ತೆಗೆಯಲು ಕಾಸ್ಟಿಕ್ ಸೋಡಾ ಬಳಸಲೇಬಾರದು, ಅದು ಅಲ್ಯುಮಿನಿಯಂ ಅನ್ನೇ ತಿನ್ನುತ್ತದೆ. ಹಳೆಯ ಹಳದಿ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚಾದ್ದರಿಂದ ನೀರು ಹಚ್ಚಿ ಉಜ್ಜಬೇಕು, ಮುಖಕ್ಕೆ ಮಾಸ್ಕ್ ಇರಬೇಕು, ಮಕ್ಕಳು ಹತ್ತಿರ ಬರಬಾರದು.

ತೂಗುಹಾಕುವಾಗ ದೀಪದ ಮುಖ ರಸ್ತೆಗೂ ಬೇಡ, ಕಡಲಿಗೂ ಬೇಡ. ದೋಣಿಗಳ ಎಡಬದಿಗೆ ಕೆಂಪು, ಬಲಬದಿಗೆ ಹಸಿರು ದೀಪವಿರುವುದರಿಂದ ದಡದ ಮೇಲಿನ ಅದೇ ಬಣ್ಣಗಳು ರಾತ್ರಿ ಬಂದರಿಗೆ ಮರಳುವವರಿಗೆ ಗೊಂದಲ ಉಂಟುಮಾಡಬಹುದು. ಅಮೆರಿಕದಿಂದ ಬಂದ ದೀಪವಾದರೆ ಅದರ ಮೂಲ ಬಲ್ಬು 120 ವೋಲ್ಟಿನದು; ನಮ್ಮ 230 ವೋಲ್ಟಿಗೆ ಟ್ರಾನ್ಸ್‌ಫಾರ್ಮರ್ ಬೇಕು, ಇಲ್ಲವೇ ಹೋಲ್ಡರ್ ಬದಲಿಸಿ ಇಲ್ಲಿಯ ಬಲ್ಬು ಹಾಕಬೇಕು. ಯಾವ ಬಲ್ಬೇ ಇರಲಿ, ಕವಚ ಲೋಹದ್ದಾದ್ದರಿಂದ ಅದಕ್ಕೆ ಅರ್ಥಿಂಗ್ ತಂತಿಯನ್ನು ಬಣ್ಣ ಕೆರೆದ ಜಾಗದಲ್ಲಿ ಬಿಗಿಯಾಗಿ ಕೂರಿಸಿ, ಪ್ರತಿ ಮಳೆಗಾಲಕ್ಕೆ ಮೊದಲು ಬಿಚ್ಚಿ ನೋಡಬೇಕು.